ಆಟವೂ ಪೆಟ್ಟೂ



ಆಟವಿಲ್ಲದ ಬಾಲ್ಯವು ಉಪ್ಪಿಲ್ಲದ ಊಟದಂತೆ. ಅಂತೆಯೇ ಪೆಟ್ಟಿಲ್ಲದ ಆಟವೂ ಅಪರೂಪವೇ. ನಮ್ಮ ಮುಂಬಯಿಯಲ್ಲಿ ಆಡುವ ಮಕ್ಕಳು ಹೆಚ್ಚು, ಆಡುವ ಸ್ಥಳ ಕಡಮೆ. ಚಾಳಿನ ಅಂಗಳ, ಎರಡು ಕಟ್ಟಡಗಳ ನಡುವಣ ಓಣಿ, ಶಾಲೆಯ ಗಚ್ಚಿನ ನೆಲ, ಇವೇ ನಮ್ಮಲ್ಲಿ ಅನೇಕರ ಕ್ರೀಡಾಂಗಣಗಳು. ದೊಡ್ಡ ಬಯಲಿಗೆ ಹೋದರೂ ಇಕ್ಕಟ್ಟು ತಪ್ಪದು. ಆಜಾದ್ ಮೈದಾನದಲ್ಲಿ 22 ಪಿಚ್ಚುಗಳು ಒತ್ತೊತ್ತಾಗಿವೆ. ಒಂದು ಪಂದ್ಯದ ಕ್ಷೇತ್ರರಕ್ಷಕನು ಮತ್ತೊಂದು ಪಂದ್ಯದ ದಾಂಡಿಗನಿಗೆ ಬೆನ್ನು ಮಾಡಿ ನಿಂತಿರುವ ದೃಶ್ಯವನ್ನು ಅಲ್ಲಿ ಯಾವ ಭಾನುವಾರವಾದರೂ ಕಾಣಬಹುದು. ಇಂತಹ ಊರಿನಲ್ಲಿ ಆಡುವವರು ಆಟದ ನಿಯಮಗಳನ್ನು ಕಲಿತರಷ್ಟೇ ಸಾಲದು. ಪೆಟ್ಟಿನ ನಿಯಮಗಳನ್ನೂ ಕಲಿಯಬೇಕು.

ಈ ವಿಷಯವನ್ನು ಬರೆಯಲು ನನಗೊಂದು ಸ್ವಂತ ಕಾರಣವುಂಟು. ಕರಿಹಲಗೆಯ ಮೇಲೆ ಬರೆಯುವಾಗ ನಾನು ಮಣಿಕಟ್ಟನ್ನು ಬಾಗಿಸದೆ ಇಡೀ ತೋಳನ್ನೇ ಎತ್ತಿ ಬರೆಯುವುದನ್ನು ಕಂಡು ನಿಮ್ಮಲ್ಲಿ ಕೆಲವರು ಮುಸಿಮುಸಿ ನಕ್ಕಿದ್ದೀರಿ. ನಾನು ಬಲ್ಲೆ. ಅದರ ಕಥೆ ಇಷ್ಟು: ಒಂಬತ್ತನೆಯ ತರಗತಿಯಲ್ಲಿದ್ದಾಗ ಕಬಡ್ಡಿಯ ಅಭ್ಯಾಸದಲ್ಲಿ ನಾನು ಅಂಗೈಯೂರಿ ನೆಲಕ್ಕೆ ಬಿದ್ದೆ. ಹೆಬ್ಬೆರಳಿನ ಬುಡದಲ್ಲಿ ನೋವು ಕಾಣಿಸಿಕೊಂಡಿತು. ಊತ ಅಷ್ಟಾಗಿ ಇರಲಿಲ್ಲ. ನಾಲ್ಕು ದಿನಗಳಲ್ಲಿ ಅಂತಿಮ ಪಂದ್ಯವಿತ್ತು. ಹೇಳಿದರೆ ತಂಡದಿಂದ ಹೊರಗಾಗುವೆನೆಂಬ ಭಯ ಒಂದು ಕಡೆ. ತಂದೆಯವರು ಇನ್ನು ಮೈದಾನಕ್ಕೆ ಕಾಲಿಡಗೊಡರೆಂಬ ಭಯ ಇನ್ನೊಂದು ಕಡೆ. ಕರವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡು ಆಡಿದೆ. ಯಾರಿಗೂ ಹೇಳಲಿಲ್ಲ. ಪಂದ್ಯವನ್ನು ಗೆದ್ದೆವೋ ಸೋತೆವೋ ಎಂಬುದು ಈಗ ತಂಡದ ಗೆಳೆಯರಿಗೂ ನೆನಪಿಲ್ಲ. ಆ ನೋವನ್ನು ಮಾತ್ರ ನನ್ನ ಕೈ ಇನ್ನೂ ಮರೆತಿಲ್ಲ. ಮುಂದಿನ ಭಾಗವನ್ನು ಲೇಖನದ ಕೊನೆಯಲ್ಲಿ ಹೇಳುವೆನು.

ಬರುವ ಮುನ್ನವೇ ತಡೆಯುವುದು

ಪೆಟ್ಟುಗಳಲ್ಲಿ ಬಹು ಭಾಗ ದೈವಯೋಗದಿಂದಲ್ಲ, ಅಜಾಗರೂಕತೆಯಿಂದ ಬರತಕ್ಕವು. ಆಡುವ ಮೊದಲು ಮೈಯನ್ನು ಬಿಸಿಮಾಡಿಕೊಳ್ಳಬೇಕೆಂದು ನಿಮ್ಮ ವ್ಯಾಯಾಮ ಶಿಕ್ಷಕರು ಹೇಳುವುದು ವ್ಯರ್ಥವಾಗಿ ಅಲ್ಲ. ತಣ್ಣಗಿರುವ ಸ್ನಾಯು ಬಿಗಿಯಾಗಿರುತ್ತದೆ. ಮೆಲ್ಲಗೆ ಓಡಿ, ಕುಣಿದು, ಕೈಕಾಲು ಬೀಸಿದಾಗ ರಕ್ತಸಂಚಾರ ಹೆಚ್ಚಿ ಅದು ಮೃದುವಾಗುತ್ತದೆ. ಫುಟ್ಬಾಲಿನ ವಿಶ್ವಸಂಸ್ಥೆಯಾದ ಫೀಫಾ ಇದಕ್ಕಾಗಿಯೇ ಸುಮಾರು 20 ನಿಮಿಷಗಳ ಒಂದು ವ್ಯಾಯಾಮಕ್ರಮವನ್ನು ರೂಪಿಸಿದೆ. ಓಟ, ಒಂಟಿ ಕಾಲಿನ ಮೇಲೆ ನಿಲ್ಲುವುದು, ನೆಗೆದು ಮೊಣಕಾಲನ್ನು ಬಾಗಿಸಿ ಮೆತ್ತಗೆ ಇಳಿಯುವುದು ಮುಂತಾದವು ಅದರಲ್ಲಿ ಸೇರಿವೆ. ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ ಫುಟ್ಬಾಲು ಬಾಲಕಿಯರ ಮೇಲೆ ಈ ಕ್ರಮವನ್ನು ಪರೀಕ್ಷಿಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇದನ್ನು ಆಚರಿಸಿದವರಲ್ಲಿ ತೀವ್ರವಾದ ಪೆಟ್ಟುಗಳು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿದ್ದವು. ಇದಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. 20 ನಿಮಿಷಗಳ ತಾಳ್ಮೆಯೊಂದು ಬೇಕು.

ಎರಡನೆಯದು ನೆಲ. ಆಟಕ್ಕೆ ಮುಂಚೆ ತಂಡದವರೆಲ್ಲ ಸಾಲಾಗಿ ನಿಂತು ಮೈದಾನದ ಉದ್ದಕ್ಕೂ ಒಮ್ಮೆ ನಡೆದುಹೋಗಿರಿ. ಕಲ್ಲು, ಗಾಜಿನ ಚೂರು, ಗುಳಿ, ಹಿಂದಿನ ಮದುವೆಯ ಮಂಟಪದಿಂದ ಉಳಿದ ಮೊಳೆ, ಇವೆಲ್ಲವೂ ಕಣ್ಣಿಗೆ ಬೀಳುವುವು. ಕಬಡ್ಡಿ, ಖೊಖೊ ಆಟಗಳನ್ನು ಗಚ್ಚಿನ ಮೇಲೆ ಆಡಲೇಬಾರದು. ಮೂರನೆಯದು ಸಾಧನ. ಚರ್ಮದ ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಅದರಿಂದ ಆಡುವಾಗ ತಲೆಗೆ ಹೆಲ್ಮೆಟ್, ಕಾಲಿಗೆ ಪ್ಯಾಡು, ತೊಡೆಸಂದಿಗೆ ಕಾಪು ಇಲ್ಲದಿದ್ದರೆ ಬ್ಯಾಟನ್ನು ಮುಟ್ಟಬೇಡಿರಿ. ನಾಲ್ಕನೆಯದು ನೀರು. ಮುಂಬಯಿಯ ಹವೆಯಲ್ಲಿ ತೇವ ಹೆಚ್ಚು. ಬೆವರು ಬೇಗ ಆರುವುದಿಲ್ಲ, ಆದುದರಿಂದ ಮೈ ಬೇಗ ತಣಿಯುವುದಿಲ್ಲ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ನಡುಹಗಲಿನ ಆಟವನ್ನು ಬಿಟ್ಟು ಬೆಳಗ್ಗೆ ಇಲ್ಲವೆ ಸಂಜೆ ಆಡಿರಿ. ಬಾಯಾರಿಕೆಗೆ ಕಾಯದೆ ಆಗಾಗ್ಗೆ ನೀರು ಕುಡಿಯಿರಿ. ಬಿಸಿಲಿನಲ್ಲಿ ಆಡುತ್ತಿದ್ದವನಿಗೆ ತಲೆಸುತ್ತು, ವಾಕರಿಕೆ ಕಾಣಿಸಿಕೊಂಡರೆ ನೆರಳಿಗೆ ಒಯ್ದು ಮಲಗಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಬೇಕು. ಮಾತು ತಡವರಿಸಿದರೆ ಅಥವಾ ಪ್ರಜ್ಞೆ ಮಸುಕಾದರೆ ಅದು ಉಷ್ಣಾಘಾತ. ಮೈಮೇಲೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಉಳುಕು ಮತ್ತು ಸೆಳೆತ

ಅತಿ ಸಾಮಾನ್ಯವಾದ ಪೆಟ್ಟೆಂದರೆ ಪಾದದ ಕೀಲಿನ ಉಳುಕು. ಮೂಳೆಯನ್ನು ಮೂಳೆಗೆ ಕಟ್ಟುವ ಗಟ್ಟಿ ನಾರುಗಳನ್ನು ಅಸ್ಥಿರಜ್ಜುಗಳೆನ್ನುತ್ತಾರೆ. ಪಾದವು ಒಳಕ್ಕೆ ಮಡಿಚಿಕೊಂಡಾಗ ಹೊರಬದಿಯ ರಜ್ಜುಗಳು ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಇದೇ ಉಳುಕು. ರಜ್ಜುವಿನ ಬದಲು ಸ್ನಾಯುವೇ ಹಿಗ್ಗಿ ಹರಿದರೆ ಅದು ಸ್ನಾಯುಸೆಳೆತ. ವೇಗವಾಗಿ ಓಡುವವರಿಗೆ ತೊಡೆಯ ಹಿಂಭಾಗದಲ್ಲಿ ಇದು ಹೆಚ್ಚು. ಮೀನಖಂಡ ಗಂಟುಕಟ್ಟಿದಂತೆ ಹಿಡಿದುಕೊಳ್ಳುವುದು ಬೇರೆ ಬಗೆ. ಅದಕ್ಕೆ ಕಾಲನ್ನು ನೀಡಿ, ಪಾದದ ಬೆರಳುಗಳನ್ನು ನಿಧಾನವಾಗಿ ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ ಸಾಕು.

ಉಳುಕಿಗೂ ಸೆಳೆತಕ್ಕೂ ಪ್ರಥಮ ಚಿಕಿತ್ಸೆ ಒಂದೇ. ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಎಂಬವರು 1978ರಲ್ಲಿ ಅದನ್ನು ನಾಲ್ಕು ಮಾತುಗಳಲ್ಲಿ ಸೂತ್ರವಾಗಿ ಹೇಳಿದರು: ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಎತ್ತರ. ಅಂದರೆ ಆಟವನ್ನು ಕೂಡಲೆ ನಿಲ್ಲಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಟ್ಟು ತೆಗೆಯಬೇಕು. ಹಿಗ್ಗುವ ಪಟ್ಟಿಯನ್ನು ಬೆರಳುಗಳು ಜೋಮು ಹಿಡಿಯದಷ್ಟು ಬಿಗಿಯಾಗಿ ಸುತ್ತಬೇಕು. ಮಲಗಿದಾಗ ಕಾಲಿನ ಕೆಳಗೆ ದಿಂಬಿಟ್ಟು ಎದೆಗಿಂತ ಮೇಲಿರುವಂತೆ ಮಾಡಬೇಕು. ಮಂಜುಗಡ್ಡೆ ಎಲ್ಲಿಂದ ತರಬೇಕೆಂದು ಕೇಳುವಿರಾ? ಮೈದಾನದ ಬದಿಯಲ್ಲಿ ಕಬ್ಬಿನ ಹಾಲು ಮಾರುವವನಲ್ಲಿ ಅದು ಸದಾ ಇದ್ದೇ ಇರುತ್ತದೆ. ಆದರೆ ಬರಿಯ ಚರ್ಮದ ಮೇಲೆ ಅದನ್ನು ಒತ್ತಿ ಹಿಡಿಯಬೇಡಿರಿ. ಚರ್ಮ ಸುಟ್ಟಂತೆ ಆಗುವುದುಂಟು.

ವಿಜ್ಞಾನವು ನಿಂತ ನೀರಲ್ಲ. ಮಂಜುಗಡ್ಡೆ ನೋವನ್ನು ತಗ್ಗಿಸುವುದು ನಿಜವಾದರೂ ದಿನಗಟ್ಟಲೆ ಇಟ್ಟರೆ, ಬಹು ದಿನ ಅಲುಗಾಡದೆ ಮಲಗಿದರೆ, ಗುಣವಾಗುವುದು ತಡವಾಗಬಹುದೆಂದು ಅದೇ ಮರ್ಕಿನ್ ಅವರು 2014ರಲ್ಲಿ ತಮ್ಮ ಮಾತನ್ನು ತಿದ್ದಿಕೊಂಡರು. ಇಂದಿನ ವೈದ್ಯರ ಮತವಿದು: ಮೊದಲ ಒಂದೆರಡು ದಿನ ಕಾಪಾಡಿರಿ, ಬಳಿಕ ನೋವು ಬಿಟ್ಟುಕೊಟ್ಟಷ್ಟು ಮೆಲ್ಲಗೆ ಚಲನೆ ಕೊಡಿರಿ.

ನಮ್ಮ ಮನೆಗಳಲ್ಲಿ ಉಳುಕಿದ ಕಾಲನ್ನು ಕಂಡೊಡನೆ ಬಿಸಿನೀರು ಹೊಯ್ಯುವುದೂ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದೂ ರೂಢಿ. ಹಿರಿಯರ ಅಕ್ಕರೆಗೆ ನಮಸ್ಕಾರ. ಆದರೆ ಮೊದಲ ಎರಡು ಮೂರು ದಿನಗಳಲ್ಲಿ ಇವೆರಡೂ ಒಳಗಿನ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. "ಅಜ್ಜಿ, ಮೂರು ದಿನ ತಾಳು, ಆಮೇಲೆ ತಿಕ್ಕು" ಎಂದು ವಿನಯದಿಂದ ಹೇಳಿರಿ.

ಮೂಳೆ ಮತ್ತು ಕೀಲು

ಉಳುಕೋ ಮುರಿತವೋ ಎಂಬುದನ್ನು ತಿಳಿಯುವುದು ಹೇಗೆ? ಪೆಟ್ಟಾದವನು ನಾಲ್ಕು ಹೆಜ್ಜೆಯನ್ನೂ ಇಡಲಾರದೆ ಹೋದರೆ, ಮೂಳೆಯ ಮೇಲೆಯೇ ಬೆರಳೊತ್ತಿದಾಗ ಚೀರಿದರೆ, ಅಂಗದ ಆಕಾರ ಕೆಟ್ಟಿದ್ದರೆ ಮುರಿತವೆಂದೇ ಭಾವಿಸಿ ನಡೆದುಕೊಳ್ಳಬೇಕು. ಬೆಳೆಯುವ ವಯಸ್ಸಿನ ನಿಮಗೆ ಇನ್ನೊಂದು ವಿಶೇಷವುಂಟು. ನಿಮ್ಮ ಮೂಳೆಗಳ ತುದಿಯ ಬಳಿ ಮೆದುವಾದ ಬೆಳವಣಿಗೆಯ ಪದರವಿದೆ, ಉದ್ದವಾಗುವುದು ಅದರಿಂದಲೇ. ದೊಡ್ಡವರಿಗೆ ರಜ್ಜು ಹರಿಯುವಂತಹ ಪೆಟ್ಟಿನಲ್ಲಿ ಮಕ್ಕಳಿಗೆ ಈ ಪದರವೇ ಸೀಳಬಹುದು. ಅದನ್ನು ಲಕ್ಷಿಸದಿದ್ದರೆ ಆ ಮೂಳೆ ಗಿಡ್ಡವಾಗಿ ಇಲ್ಲವೆ ವಕ್ರವಾಗಿ ಬೆಳೆಯುವ ಭಯವಿದೆ. ಆದುದರಿಂದ ಕೀಲಿನ ಬಳಿಯ ಊತವನ್ನು ಕೇವಲ ಉಳುಕೆಂದು ನೀವೇ ತೀರ್ಮಾನಿಸಕೂಡದು.

ಮುರಿದ ಅಂಗವನ್ನು ಇದ್ದ ಸ್ಥಿತಿಯಲ್ಲಿಯೇ ಅಲುಗದಂತೆ ಮಾಡುವುದು ಮುಖ್ಯ. ಅಳತೆಪಟ್ಟಿ, ಸ್ಟಂಪು, ಮಡಿಚಿದ ವೃತ್ತಪತ್ರಿಕೆ, ಯಾವುದಾದರೂ ಆಸರೆಯಾದೀತು. ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಚಲಿಸದಂತೆ ಕಟ್ಟಬೇಕು. ಭುಜವೋ ಬೆರಳೋ ಕೀಲು ತಪ್ಪಿದ್ದರೆ ಎಳೆದು ಕೂಡಿಸಲು ಯಾರೂ ಹೋಗಕೂಡದು. ನರವೂ ರಕ್ತನಾಳವೂ ಸಿಕ್ಕಿಕೊಂಡು ಹಾನಿಯಾದೀತು. ಕೀಲು ಕೂಡಿಸುವೆವೆನ್ನುವ ಪರಿಚಿತರಿಗಿಂತ ಎಕ್ಸ್‌ರೇ ಇರುವ ಆಸ್ಪತ್ರೆಯೇ ಮೇಲು. ಕಬಡ್ಡಿಯಲ್ಲಿ ಹಿಡಿತದಿಂದ ತಪ್ಪಿಸಿಕೊಳ್ಳಲು ಗಕ್ಕನೆ ತಿರುಗಿದಾಗ ಮೊಣಕಾಲಿನೊಳಗೆ "ಟಪ್" ಎಂದಂತಾಗಿ, ಕೆಲವು ಗಂಟೆಗಳೊಳಗೇ ಊದಿಕೊಂಡರೆ ಒಳಗಿನ ಮುಖ್ಯ ರಜ್ಜು ಹರಿದಿರುವ ಸಂಭವ ಹೆಚ್ಚು. ವೈದ್ಯರು ನೋಡುವವರೆಗೆ ಆ ಕಾಲಿನ ಮೇಲೆ ಆಡಬಾರದು.

ಎತ್ತರದಿಂದ ಬಿದ್ದವನ ವಿಷಯ ಇನ್ನೂ ಗಂಭೀರ. ಗೋಕುಲಾಷ್ಟಮಿಯಂದು ನಮ್ಮ ಊರಿನಲ್ಲಿ ಗೋವಿಂದರ ಪಿರಮಿಡ್ಡುಗಳು ಏಳುವುದನ್ನೂ ಕುಸಿಯುವುದನ್ನೂ ಎಲ್ಲರೂ ಕಂಡವರೇ. 14 ವರ್ಷದೊಳಗಿನ ಮಕ್ಕಳನ್ನು ಅದರಲ್ಲಿ ಸೇರಿಸುವುದಿಲ್ಲವೆಂದು ರಾಜ್ಯ ಸರ್ಕಾರವು 2017ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಮಾತು ಕೊಟ್ಟಿದೆ. ಬಿದ್ದವನು ಕತ್ತು ಅಥವಾ ಬೆನ್ನು ನೋಯುತ್ತದೆಂದರೆ, ಕೈಕಾಲು ಜೋಮೆಂದರೆ, ಅವನನ್ನು ಎತ್ತಿ ಕೂರಿಸಬಾರದು, ನೀರು ಕುಡಿಸಬಾರದು. ತಲೆಯನ್ನು ಎರಡು ಕೈಗಳಿಂದ ಅಲುಗದಂತೆ ಹಿಡಿದು, 108ಕ್ಕೆ ದೂರವಾಣಿ ಮಾಡಿ, ಆಂಬುಲೆನ್ಸಿಗೆ ಕಾಯಬೇಕು. ಆತುರದಿಂದ ನಾಲ್ವರು ಹೊತ್ತೊಯ್ದ ಉಪಕಾರವು ಬೆನ್ನುಹುರಿಗೆ ಅಪಕಾರವಾದೀತು.

ತಲೆಯ ಪೆಟ್ಟು

ಎಲ್ಲ ಪೆಟ್ಟುಗಳಲ್ಲಿ ಹೆಚ್ಚು ಮೋಸಗೊಳಿಸುವುದು ತಲೆಯ ಪೆಟ್ಟು. 1962ರಲ್ಲಿ ಭಾರತ ತಂಡದ ನಾಯಕ ನರಿ ಕಾಂಟ್ರಾಕ್ಟರ್ ಅವರಿಗೆ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿದು ತಲೆಬುರುಡೆ ಬಿರಿಯಿತು. ಆಗ ಹೆಲ್ಮೆಟ್ ಇರಲಿಲ್ಲ. ಶಸ್ತ್ರಚಿಕಿತ್ಸೆಯಾದಾಗ ಎದುರಾಳಿ ತಂಡದ ನಾಯಕ ಫ್ರಾಂಕ್ ವೊರೆಲ್ ಅವರೇ ರಕ್ತದಾನ ಮಾಡಿದರು. ಕಾಂಟ್ರಾಕ್ಟರ್ ಅವರ ಜೀವ ಉಳಿಯಿತು. ಟೆಸ್ಟ್ ಆಟ ಮುಗಿಯಿತು. 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ರಮಣ್ ಲಾಂಬಾ ಅವರು ದಾಂಡಿಗನ ತೀರ ಸಮೀಪದಲ್ಲಿ ಕ್ಷೇತ್ರರಕ್ಷಣೆಗೆ ನಿಂತರು. ಆಗ ಹೆಲ್ಮೆಟ್ ಇತ್ತು. ಕೆಲವೇ ಎಸೆತಗಳಿಗೆ ಅದೇಕೆಂದು ಅವರು ಧರಿಸಲಿಲ್ಲ. ಚೆಂಡು ತಲೆಗೆ ಬಡಿಯಿತು. ಅವರು ತಾವಾಗಿಯೇ ಎದ್ದು ನಡೆದುಕೊಂಡು ಹೋದರು. ಸ್ವಲ್ಪ ಹೊತ್ತಿನಲ್ಲಿಯೇ ಸ್ಥಿತಿ ಬಿಗಡಾಯಿಸಿತು. ಮೂರನೆಯ ದಿನ ತೀರಿಕೊಂಡರು.

ಈ ಎರಡನೆಯ ಘಟನೆಯನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಿರಿ. ಎದ್ದು ನಡೆದನೆಂಬುದು ಕ್ಷೇಮದ ಸಾಕ್ಷಿಯಲ್ಲ. ತಲೆಬುರುಡೆ ಗಟ್ಟಿಯಾದ ಪೆಟ್ಟಿಗೆ. ಒಳಗೆ ರಕ್ತನಾಳ ಒಡೆದರೆ ಸೋರಿದ ರಕ್ತಕ್ಕೆ ಹೊರದಾರಿಯಿಲ್ಲ. ಅದು ಮೆಲ್ಲಮೆಲ್ಲಗೆ ಕೂಡಿಕೊಂಡು ಮಿದುಳನ್ನು ಅದುಮತೊಡಗುತ್ತದೆ. ಮೊದಲ ಕೆಲವು ನಿಮಿಷ ಅಥವಾ ಗಂಟೆಗಳ ಕಾಲ ಎಲ್ಲವೂ ಸರಿಯಾಗಿರುವಂತೆ ತೋರಬಹುದು. ಆದುದರಿಂದ ತಲೆಗೆ ಪೆಟ್ಟು ಬಿದ್ದವನನ್ನು ಆ ದಿನ ಒಬ್ಬನೇ ಬಿಡಬಾರದು. ಹೆಚ್ಚುತ್ತ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಂತಹ ನಿದ್ದೆ, ಅಸಂಬದ್ಧ ಮಾತು, ಸೆಳವು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗುಗಳಿಂದ ರಕ್ತ ಅಥವಾ ತಿಳಿನೀರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪರಳದ ಕೆ.ಇ.ಎಂ., ಸಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆಗಳಂತಹವು ನಮ್ಮ ಮಹಾನಗರಪಾಲಿಕೆಯವೇ.

ರಕ್ತಸ್ರಾವವಿಲ್ಲದೆಯೂ ಮಿದುಳು ಅಲುಗಾಡಿ ಕೆಲಕಾಲ ಮಂಕಾಗುವುದುಂಟು. ಇಂಗ್ಲಿಷಿನಲ್ಲಿ ಇದನ್ನು ಕನ್ಕಷನ್ ಎನ್ನುತ್ತಾರೆ. ಇದಕ್ಕೆ ಮೂರ್ಛೆ ಹೋಗಲೇಬೇಕೆಂದಿಲ್ಲ. "ಈಗ ಯಾರ ಸರದಿ? ನಮ್ಮ ಓಟಗಳೆಷ್ಟು?" ಎಂದು ಕೇಳಿದಾಗ ಉತ್ತರ ತಡವರಿಸಿದರೂ ಸಾಕು, ಅವನನ್ನು ಹೊರಗೆ ಕೂರಿಸಬೇಕು. ಅದೇ ದಿನ ಮತ್ತೆ ಆಡಿಸುವಂತಿಲ್ಲ. ಒಂದೆರಡು ದಿನ ವಿಶ್ರಾಂತಿ, ಮೊದಲು ಪಾಠಕ್ಕೆ ಮರಳುವುದು, ಆಮೇಲೆ ವೈದ್ಯರ ಒಪ್ಪಿಗೆಯಿಂದ ಹಂತಹಂತವಾಗಿ ಆಟಕ್ಕೆ ಮರಳುವುದು, ಇದು ಕ್ರಮ. 2019ರಿಂದ ಅಂತಾರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹೀಗಾದ ಆಟಗಾರನ ಬದಲಿಗೆ ಇನ್ನೊಬ್ಬನನ್ನು ಪೂರ್ಣವಾಗಿ ಆಡಿಸಲು ನಿಯಮವೇ ಆಗಿದೆ. ದೊಡ್ಡವರ ಆಟವೇ ಕಾಯುವುದಾದರೆ ನಮ್ಮ ಓಣಿಯ ಆಟ ಕಾಯಲಾರದೆ?

ನೋಡುವವರಿಗೂ ಒಂದು ಮಾತು. 2024ರ ಜನವರಿಯಲ್ಲಿ ಮಾಟುಂಗದ ಒಂದು ಮೈದಾನದಲ್ಲಿ ಒಂದೇ ವೇಳೆಗೆ ಎರಡು ಪಂದ್ಯಗಳು ನಡೆಯುತ್ತಿದ್ದವು. ಪಕ್ಕದ ಪಂದ್ಯದಿಂದ ಬಂದ ಚೆಂಡು ಬಡಿದು ಆಟಗಾರರೊಬ್ಬರು ಪ್ರಾಣ ಕಳೆದುಕೊಂಡರು. ಇಕ್ಕಟ್ಟಿನ ಮೈದಾನದಲ್ಲಿ ನಿಮ್ಮ ಪಂದ್ಯದ ಮೇಲಷ್ಟೇ ಅಲ್ಲ, ಬೆನ್ನ ಹಿಂದಣ ಪಂದ್ಯದ ಮೇಲೂ ಒಂದು ಕಣ್ಣಿರಲಿ. ಚೆಂಡು ಎತ್ತರಕ್ಕೆ ಹಾರಿದಾಗ ಗಟ್ಟಿಯಾಗಿ ಕೂಗಿ ಎಚ್ಚರಿಸುವುದು ಎಲ್ಲರ ಕರ್ತವ್ಯ.

ತರಚುಗಾಯ, ಮೂಗು, ಹಲ್ಲು

ತರಚುಗಾಯವನ್ನು ಮೊದಲು ನಲ್ಲಿಯ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆಯಬೇಕು. ಮಣ್ಣು, ಸುಣ್ಣ, ಅರಿಸಿನಪುಡಿ ಮೆತ್ತಬಾರದು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿರಿ. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿದೆಯೆಂದು ಮನೆಯಲ್ಲಿ ವಿಚಾರಿಸಿ, ವೈದ್ಯರಿಗೆ ತಿಳಿಸಿರಿ.

ನಮ್ಮ ಊರಿಗೆ ವಿಶೇಷವಾದ ಇನ್ನೊಂದು ಅಪಾಯ ಮಳೆಗಾಲದ್ದು. 1948ರಲ್ಲಿ ಆರಂಭವಾದ ಕಾಂಗಾ ಲೀಗ್ ಮಳೆಗಾಲದ ಕ್ರಿಕೆಟ್ ಎಂದೇ ಹೆಸರಾದದ್ದು. ಕೆಸರಿನಲ್ಲಿ ಫುಟ್ಬಾಲಾಡುವ ಸುಖವನ್ನಂತೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ನಿಂತ ನೀರಿನಲ್ಲಿ ಇಲಿಗಳ ಮೂತ್ರ ಸೇರಿರುತ್ತದೆ. ಅದರಲ್ಲಿನ ರೋಗಾಣುಗಳು ಗಾಯದ ಮೂಲಕ ಮೈಯನ್ನು ಹೊಗುತ್ತವೆ. ಇದೇ ಲೆಪ್ಟೊಸ್ಪೈರೋಸಿಸ್ ಅಥವಾ ಇಲಿಜ್ವರ. 2005ರ ಜುಲೈ 26ರ ಮಹಾಮಳೆಯ ಬಳಿಕ ಈ ರೋಗ ಮುಂಬಯಿಯಲ್ಲಿ ಹಬ್ಬಿ ಜೀವಗಳನ್ನು ಬಲಿತೆಗೆದುಕೊಂಡಿತು. ಕಾಲಿನಲ್ಲಿ ಗಾಯವಿರುವಾಗ ನಿಂತ ನೀರಿಗೆ ಇಳಿಯಬೇಡಿರಿ. ಇಳಿದಿದ್ದರೆ ಚೆನ್ನಾಗಿ ತೊಳೆದುಕೊಂಡು, ಮುಂಜಾಗ್ರತೆಯ ಔಷಧ ಬೇಕೇ ಎಂದು ವೈದ್ಯರನ್ನು ಕೇಳಿರಿ. ಮುಂದೆ ಜ್ವರ, ಮೈಕೈ ನೋವು ಬಂದರೆ ಈ ಸಂಗತಿಯನ್ನು ಅವರಿಗೆ ಮರೆಯದೆ ಹೇಳಿರಿ.

ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ವಾಲಿಸುವುದು ತಪ್ಪು. ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿ ಕುಳಿತು, ಮೂಗಿನ ಮೆದುಭಾಗವನ್ನು ಹತ್ತು ನಿಮಿಷ ಅದುಮಿ, ಬಾಯಿಯಿಂದ ಉಸಿರಾಡಬೇಕು. ಶಾಶ್ವತ ಹಲ್ಲು ಬೇರುಸಹಿತ ಉದುರಿದರೆ ಬೇರನ್ನು ಮುಟ್ಟದೆ ಮೇಲ್ಭಾಗದಲ್ಲಿ ಹಿಡಿದೆತ್ತಿ, ಒಂದು ಲೋಟ ಹಾಲಿನಲ್ಲಿ ಹಾಕಿ, ಆದಷ್ಟು ಬೇಗ, ಒಂದು ಗಂಟೆಯೊಳಗಾಗಿ ದಂತವೈದ್ಯರನ್ನು ಕಾಣಬೇಕು. ಅದು ಮತ್ತೆ ತನ್ನ ಸ್ಥಾನದಲ್ಲಿ ನೆಲೆಗೊಳ್ಳುವ ಸಂಭವವಿದೆ.

ದಿನದಿನವೂ ಸವೆಯುವ ನೋವು

ಒಂದೇ ಏಟಿಗೆ ಬಾರದೆ ತಿಂಗಳುಗಟ್ಟಲೆ ಕೂಡುವ ನೋವುಗಳೂ ಇವೆ. ವೇಗದ ಬೌಲರುಗಳ ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದು ಇದಕ್ಕೆ ಉದಾಹರಣೆ. 2019ರಲ್ಲಿ ಬೆನ್ನಿನ ಬಿರುಕಿನಿಂದ ನರಳಿದ ಜಸ್‌ಪ್ರೀತ್ ಬುಮ್ರಾ ಅವರು ಬೆನ್ನುನೋವು ಮರುಕಳಿಸಿ 2023ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಶ್ರಮಿಸಿ ಮರಳಿದರು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರೂ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗಾಗಿ ಆಟವನ್ನು ಬಿಟ್ಟು, ಗುಣವಾದ ಮೇಲೆಯೇ ಬೌಲಿಂಗಿಗೆ ಇಳಿದರು. ಶಾಲೆಯ ತಂಡ, ಕಟ್ಟಡದ ತಂಡ, ತರಬೇತಿಯ ತಂಡ, ಈ ಮೂರರಲ್ಲಿಯೂ ಒಂದೇ ವಾರದಲ್ಲಿ ಬೌಲ್ ಮಾಡುವ ಹುಡುಗನ ಬೆನ್ನಿನ ಲೆಕ್ಕವನ್ನು ಯಾರೂ ಇಡುವುದಿಲ್ಲ; ಅವನೇ ಇಟ್ಟುಕೊಳ್ಳಬೇಕು. ವಾರದಲ್ಲಿ ಒಂದೆರಡು ದಿನವಾದರೂ ಪೂರ್ಣ ವಿರಾಮವಿರಲಿ. ಆಡುವಾಗ ಬಂದು, ನಿಲ್ಲಿಸಿದರೆ ಹೋಗಿ, ಆಡಿದರೆ ಮತ್ತೆ ಬರುವ ನೋವನ್ನು ಎರಡು ವಾರಕ್ಕಿಂತ ಹೆಚ್ಚು ಸಹಿಸಕೂಡದು.

ಧೈರ್ಯವೆಂದರೇನು?

ನೋವನ್ನು ನುಂಗುವುದೇ ವೀರತ್ವವಲ್ಲವೆ, ಅನಿಲ್ ಕುಂಬ್ಳೆಯವರು ದವಡೆ ಮುರಿದಿದ್ದರೂ ಬೌಲ್ ಮಾಡಲಿಲ್ಲವೆ, ಎಂದು ನೀವು ಕೇಳಬಹುದು. ಮಾಡಿದರು. 2002ರ ಮೇ ತಿಂಗಳಿನಲ್ಲಿ ಆಂಟಿಗಾದ ಟೆಸ್ಟಿನಲ್ಲಿ ಮೆರ್ವಿನ್ ಡಿಲನ್ ಅವರ ಚೆಂಡು ತಗುಲಿ ದವಡೆ ಮುರಿದಿತ್ತು. ತಲೆಯ ಸುತ್ತ ಪಟ್ಟಿ ಕಟ್ಟಿಕೊಂಡು ಬಂದು 14 ಓವರುಗಳನ್ನೆಸೆದು ಬ್ರಯಾನ್ ಲಾರಾ ಅವರ ವಿಕೆಟ್ಟನ್ನೇ ಪಡೆದರು. ಆದರೆ ಈ ಕಥೆಯನ್ನು ಪೂರ್ತಿಯಾಗಿ ಓದಬೇಕು. ಅವರು ಪೆಟ್ಟನ್ನು ಬಚ್ಚಿಡಲಿಲ್ಲ. ಮುರಿದಿದೆಯೆಂಬುದು ತಂಡಕ್ಕೆಲ್ಲ ತಿಳಿದಿತ್ತು, ಪಟ್ಟಿ ಕಟ್ಟಿತ್ತು, ಮರುದಿನವೇ ಅವರು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಹೊರಟರು. ಅವರು ಬೆಳೆದು ನಿಂತ ಆಟಗಾರರು, ತಿಳಿದು ಮಾಡಿದ ನಿರ್ಧಾರವದು. ತಿಳಿಸದೆ ಆಡುವ ಬಾಲಕನಿಗೂ ಅವರಿಗೂ ಹೋಲಿಕೆಯಿಲ್ಲ.

ಇನ್ನು ನನ್ನ ಕಥೆಯ ಉಳಿದ ಭಾಗ. ಎರಡು ತಿಂಗಳಾದರೂ ನೋವು ಹೋಗಲಿಲ್ಲ. ಒಂದು ಸಂಜೆ ನೀರಿನ ಬಿಂದಿಗೆ ಕೈಜಾರಿದಾಗ ತಾಯಿಯವರಿಗೆ ಗೊತ್ತಾಯಿತು. ಹೆಬ್ಬೆರಳಿನ ಬುಡದಲ್ಲಿ ದೋಣಿಯಾಕಾರದ ಚಿಕ್ಕ ಮೂಳೆಯೊಂದಿದೆ. ವೈದ್ಯರು ಇದನ್ನು ಸ್ಕೇಫಾಯ್ಡ್ ಎನ್ನುತ್ತಾರೆ. ಅದಕ್ಕೆ ರಕ್ತ ಬರುವ ದಾರಿ ಕಿರಿದು. ಅಂಗೈಯೂರಿ ಬಿದ್ದಾಗ ಅದು ಬಿರಿಯುವುದುಂಟು. ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ಸಕಾಲದಲ್ಲಿ ಕಟ್ಟು ಹಾಕಿದರೆ ಸಾಮಾನ್ಯವಾಗಿ ಕೂಡುತ್ತದೆ; ತಡವಾದರೆ ಕೂಡದೆ ಉಳಿಯುತ್ತದೆ. ನನ್ನದು ಉಳಿಯಿತು. ಶಸ್ತ್ರಚಿಕಿತ್ಸೆ ಮಾಡಿ, ಸೊಂಟದ ಮೂಳೆಯ ಚೂರನ್ನು ತಂದು ಕೂಡಿಸಬೇಕಾಯಿತು. ಆ ವರ್ಷದ ಪರೀಕ್ಷೆಯನ್ನು ಎಡಗೈಯಲ್ಲಿ ಬರೆದೆ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ತಂದೆಯವರು ಹೇಳಿದ್ದು ಒಂದೇ ಮಾತು: "ಮೊದಲೇ ಹೇಳಿದ್ದರೆ ನಾನು ಬೈಯುತ್ತಿದ್ದೆ, ಅಷ್ಟೆ." ಬೈಗುಳಕ್ಕೆ ಹೆದರಿ ನಾನು ಮಣಿಕಟ್ಟನ್ನೇ ತೆತ್ತೆ.

ಆದುದರಿಂದ, ಮಿತ್ರರೇ, ಆಡಿರಿ, ಮನಸಾರೆ ಆಡಿರಿ. ನೋವು ಶರೀರವು ಕಳುಹಿಸುವ ದೂತ. ದೂತನ ಬಾಯಿ ಕಟ್ಟಿದರೆ ಸುದ್ದಿ ಸುಳ್ಳಾಗುವುದಿಲ್ಲ. ಪೆಟ್ಟಾದ ದಿನವೇ ಶಿಕ್ಷಕರಿಗೆ ಹೇಳಿರಿ, ಮನೆಯಲ್ಲಿ ಹೇಳಿರಿ. ಗೆಳೆಯನು ಬಚ್ಚಿಡುತ್ತಿದ್ದರೆ ಅವನ ಪರವಾಗಿ ನೀವು ಹೇಳಿರಿ. ಅದು ಚಾಡಿಯಲ್ಲ, ಸ್ನೇಹ. ಪಂದ್ಯಗಳು ಪ್ರತಿ ವರ್ಷವೂ ಬರುತ್ತವೆ. ಕೈ ಮಾತ್ರ ಜನ್ಮಕ್ಕೆ ಎರಡೇ.